‘ಹೋಗಿ ಬನ್ನಿ’ ಅಂದ ಪರದೆ

ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಹಗಲು ಪಾಳಿ ಮುಗಿಸಿದ ನಾವು ಸಾಬೂನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಯಂತ್ರದ ಟಚ್ ಪರದೆಯನ್ನು ಎರಡು ನಿಮಿಷ ಮುಟ್ಟದಿದ್ದರೆ ಅದು ತಾನೇ ಲಾಗೌಟ್ ಆಗುತ್ತದೆ, ಪಾಸ್‌ವರ್ಡ್ ಒತ್ತಿ ಒತ್ತಿ ಸಾಕಾಯಿತು ಎಂದು ಯಾರೋ ಗೊಣಗಿದರು. ನಿವೃತ್ತಿಯಾದ ಮೇಲೂ ಕಾರ್ಖಾನೆ ಬಿಡದೆ ಇಲ್ಲಿ ಚಹಾ ಕಾಸುವ ದೊಡ್ಡಮ್ಮ ಸ್ಟೌ ಸಣ್ಣಗೆ ಮಾಡಿ ನಮ್ಮತ್ತ ತಿರುಗಿದರು.

“ಸಾಕಾಯ್ತಾ? ಕೇಳ್ರಪ್ಪಾ ಹಾಗಾದ್ರೆ... ನಿಮ್ಮ ಜಾಗದಲ್ಲಿ ಆಗ ಒಬ್ಬ ಆಪರೇಟರ್ ಇದ್ದ. ಪರದೆ ಮೇಲೆ ಎಲ್ಲಾನೂ ಹೆಬ್ಬೆಟ್ಟಲ್ಲೇ ಒತ್ತೋನು, ಅದಕ್ಕೇ ನಾವು ಹೆಬ್ಬೆಟ್ಟು ಮಾವ ಅಂತಿದ್ವಿ. ಟೀ ಕುಡಿಯೋಕೆ ಎದ್ರೂ ಲಾಗೌಟ್ ಮಾಡ್ದೆ ಕದಲ್ತಿರಲಿಲ್ಲ ಪುಣ್ಯಾತ್ಮ! ಲಾಗೌಟ್ ಮಾಡಿದ್ರೆ ಪರದೆ ಮೇಲೆ ‘ಹೋಗಿ ಬನ್ನಿ’ ಅಂತ ಬರೋದು. ಇವನು ಅದಕ್ಕೆ ‘ಬರ್ತೀನಿ ಕಣಮ್ಮಾ’ ಅಂತ ಮರ್ಯಾದೆಯಿಂದ ಉತ್ತರ ಕೊಡೋನು. ನಾವು ಬಿದ್ದು ಬಿದ್ದು ನಗ್ತಿದ್ವಿ. ಒಂದಿನ ಮನೇಲಿ ಮಲಗಿದೋನು ಏಳಲೇ ಇಲ್ಲ...

ಅವನು ಹೋದ್ಮೇಲೆ ಹೇಳೋರು ಕೇಳೋರು ಯಾರು? ಸೂಪರ್‌ವೈಸರು ಆ ಎರಡು ನಿಮಿಷ ಅಳಿಸಿ ಸೊನ್ನೆ ಹಾಕಿಬಿಟ್ಟ. ಸೊನ್ನೆ ಅಂದ್ರೆ ಪರದೆ ತಾನಾಗಿ ಯಾರನ್ನೂ ಆಚೆ ಕಳಿಸಲ್ಲ, ತೆರೆದಿದ್ದು ತೆರೆದ ಹಾಗೇ ಇರುತ್ತೆ.

ಇಂಥದೇ ಮಳೆಗಾಲದ ಒಂದು ಮಧ್ಯಾಹ್ನ. ನನ್ನ ಸ್ವಂತ ತಂಗಿ, ಒಂದನೇ ಕಡಾಯಿ ಒಳಗಿಳಿದು ಗಟ್ಟಿಯಾದ ಸಾಬೂನು ಕೆರೀತಿದ್ಲು. ಆ ಕಡಾಯಿ ನಿಮಗೆ ಗೊತ್ತಲ್ಲ, ತಿರುಗೋ ಅಲಗು ಒಂದೊಂದೂ ನನ್ನಷ್ಟುದ್ದ! ಮೇನ್ ಸ್ವಿಚ್ ಆರಿಸಿ ಬೀಗ ಹಾಕಬೇಕಿತ್ತು, ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯೋ ಕೆಲಸ ಅಂತ ಹಾಕಿರಲಿಲ್ಲ. ಹೊಸ ಆಪರೇಟರ್ ಒಂದನೇ ಕಡಾಯಿ ಪುಟ ತೆರೆದಿಟ್ಟು ಟೀಗೆ ಹೋಗಿದ್ದ. ಸೂಪರ್‌ವೈಸರ್ ಬಂದ. ಅವನಿಗೆ ಶುರು ಮಾಡ್ಬೇಕಾಗಿದ್ದು ಎರಡನೇ ಕಡಾಯಿ... ಎರಡು ಪುಟಾನೂ ಅವಳಿಜವಳಿ, ಮೇಲಿರೋ ಅಂಕಿ ಯಾರು ನೋಡ್ತಾರೆ? ‘ಚಾಲೂ’ ಮೇಲೆ ಬೆರಳಿಡೋಕೆ ಹೋದ. ಪರದೆ ತಟ್ಟಂತ ಲಾಗೌಟ್ ಆಯ್ತು! ‘ಹೋಗಿ ಬನ್ನಿ.’

ಸೊನ್ನೆ ಹಾಕಿದ್ದ ಪರದೆ ಹೇಗ್ರಪ್ಪಾ ಲಾಗೌಟ್ ಆಗುತ್ತೆ? ಅವನು ಬೈಕೊಂಡು ತನ್ನ ಪಾಸ್‌ವರ್ಡ್ ಹಾಕಿದ. ಹಾಳಾದ್ದು, ಕೊನೆಗೆ ತೆರೆದಿದ್ದ ಪುಟಕ್ಕೇ ಹೋಯ್ತು. ಮತ್ತೆ ಬೆರಳು ತಂದ... ಮತ್ತೆ ‘ಹೋಗಿ ಬನ್ನಿ’!

ಬಿಸಿನೀರಿನ ಬಕೆಟ್ ಹಿಡ್ಕೊಂಡು ಬರ್ತಿದ್ದೆ ನಾನು. ಅವನ ಬೆರಳಿನ್ನೂ ಗಾಳೀಲಿತ್ತು ಕಣ್ರೋ... ಪರದೆ ಮೂಲೇಲಿ, ಲಾಗೌಟ್ ಮೇಲೆ, ಅಂಟಿದ್ದ ಸಾಬೂನು ಪುಡಿ ತಾನಾಗೇ ಸರಿದು ಅಗಲವಾದ ಒಂದು ಹೆಬ್ಬೆಟ್ಟಿನ ಗುರುತು ಮೂಡ್ತು. ಆ ಪರದೆ ದಿನಾ ಬಾಯ್ತುಂಬಾ ‘ಹೋಗಿ ಬನ್ನಿ’ ಅಂತ ಕರೆದ್ರೆ, ಹೆಬ್ಬೆಟ್ಟು ಮಾವ ಬರದೇ ಇರ್ತಾನಾ?

ಬಕೆಟ್ ಎಸೆದು ಓಡಿದೆ. ‘ನನ್ನ ತಂಗಿ ಒಳಗಿದಾಳೆ!’ ಅಂತ ಕಿರುಚಿ, ಯಂತ್ರ ನಿಲ್ಲಿಸೋ ಕೆಂಪು ಗುಂಡಿ ಗುದ್ದಿದೆ. ನಮ್ಮ ಮಹಾರಾಣಿ ತಲೆ ತುಂಬ ಪುಡಿ ಮೆತ್ಕೊಂಡು ಇಣುಕಿ, ‘ಏನಕ್ಕಾ ಗಲಾಟೆ, ಕೆಲಸ ಮಾಡೋಕೂ ಬಿಡಲ್ವಾ?’ ಅಂದ್ಲು! ಅಯ್ಯೋ, ಆ ಶಿಳ್ಳೆ, ಆ ಕೇಕೆ! ಇಡೀ ಪಾಳಿ ಅವಳನ್ನ ಹೆಗಲ ಮೇಲೆ ಹೊತ್ತು ಕುಣೀತು. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅವತ್ತೇ ಸೂಪರ್‌ವೈಸರ್ ತನ್ನ ಕೈಯಾರೆ ಸೊನ್ನೆ ತೆಗೆದು ಎರಡು ನಿಮಿಷ ಹಾಕಿದ, ಬೀಗಾನೂ ತಂದ. ಗೆದ್ವಿ ಕಣ್ರೋ, ಸಾವನ್ನೇ ಬಾಗಿಲಿಂದ ಅಟ್ಟಿದ್ವಿ!”

ಬಸ್ಸಿನ ಹಾರ್ನ್ ಕೇಳಿಸಿತು. ಯಾರೂ ಏಳಲಿಲ್ಲ. ದೊಡ್ಡಮ್ಮ ಲೋಟಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತ ನಕ್ಕರು.

“ಈಗ ಹೊಸ ಪರದೆ ಬಂದಿದೆ, ನಿಜ. ನಾಳೆ ಒರೆಸುವಾಗ ಮೂಲೆ ನೋಡಿ, ಒಂದು ಅಗಲವಾದ ಗುರುತಿದೆ. ಎಷ್ಟು ಉಜ್ಜಿದ್ರೂ ಹೋಗಲ್ಲ... ಅದು ಗಾಜಿನ ಒಳಗಡೆಯಿಂದ ಒತ್ತಿರೋದು.”