ಅಪ್ಪ ಕಲಿಸಿದ ಸೈಕಲ್

ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ಇಂಗ್ಲಿಷ್ ಮಾತಿನ ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಅಕ್ಕತಂಗಿಯರು ಕೂತಿದ್ದರು. ತಂಗಿ ನರ್ಸ್, ಸಮವಸ್ತ್ರವನ್ನೂ ಬದಲಿಸಿರಲಿಲ್ಲ. ಅವಳೇ ಕೇಳಿದಳು:

"ಚಿಕ್ಕವಳಿದ್ದಾಗ ಸೈಕಲ್ ಯಾರು ಕಲಿಸಿದ್ರು ಅಂತ ಈ ಸಲವೂ ಕೇಳಿದ್ರೆ?"

"ಟ್ಯೂಷನ್ನಲ್ಲಿ ಹೇಳಿಕೊಟ್ಟಿದ್ದನ್ನೇ ಹೇಳು. ಅಪ್ಪ ಕಲಿಸಿದ್ರು, ಸೀಟು ಹಿಡ್ಕೊಂಡು ಹಿಂದೆ ಓಡಿ ಬರ್ತಿದ್ರು, ಆಮೇಲೆ ಕೈ ಬಿಟ್ರು."

"ಅಪ್ಪ ಸೈಕಲ್ ಮುಟ್ಟೋಕೂ ಬಿಡ್ಲಿಲ್ವಲ್ಲ."

"ಅದು ಇವರಿಗೇನು ಗೊತ್ತು?"

"ಹೋದ ಸಲ ಅದನ್ನೇ ಹೇಳ್ತಿದ್ದೆ. ಅರ್ಧಕ್ಕೇ ನಿಲ್ಲಿಸಿಬಿಟ್ಟೆ, ಫೇಲಾದೆ."

"ಸುಳ್ಳು ಹೇಳೋಕೆ ಹೆದರಿಕೆನಾ?"

"ಅಲ್ಲ ಕಣಕ್ಕಾ. ಹೇಳ್ತಾ ಹೇಳ್ತಾ, ಅಂಥ ಅಪ್ಪ ಇದ್ದಿದ್ರೆ ಅನ್ನಿಸಿಬಿಡ್ತು."

ಅಕ್ಕ ತಂಗಿಯ ಕಡೆ ತಿರುಗಿ ಕೂತಳು.

"ಹಾಗಾದ್ರೆ ಅಪ್ಪನ್ನ ಬಿಡು. ಅಕ್ಕ ಕಲಿಸಿದ್ಲು ಅನ್ನು."

"ನಿನಗೆಲ್ಲಿ ಬರುತ್ತೆ ಸೈಕಲ್? ಈ ಸಲವೂ ಆಗಲ್ಲ ಬಿಡು. ಆ ಆಸ್ಪತ್ರೆ ಕೆಲಸ ನನಗಿಲ್ಲ."

ಒಳಗಿನಿಂದ ಕರೆ ಬಂತು. ತಂಗಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಅಕ್ಕ ಬಾಗಿಲ ತನಕ ಹಿಂದೆಯೇ ನಡೆದಳು. ಅಲ್ಲಿ ಕೈ ಬಿಟ್ಟಳು.