ಎಲ್ಲಾ ನಡುವಿಗೆ ತಂದಿಟ್ಟಿದ್ದೀನಿ

ಅಯ್ಯೋ, ಅದಲ್ಲ ಅಕ್ಕಾ, ಅದಲ್ಲ! ಅದರ ಪಕ್ಕದ್ದು. ಕೆಳಗಿನ ಸಾಲು, ಎಡಗಡೆ ಮೂಲೆಯಿಂದ ಎರಡನೇದು... ಹಾಂ, ಅದೇ. ಮೂಲೇದನ್ನೂ ಅದನ್ನೂ ಒಟ್ಟಿಗೆ ಒತ್ತಿ ಹಿಡ್ಕೊಂಡು, ಬಲಗೈಲಿ ಎಂಟರ್ ಹೊಡಿ. ಹೊಡಿ, ಹೊಡಿ! ಮುರಿದೇನೂ ಹೋಗಲ್ಲ. ನಿನ್ನ ಏಟು ತಿಂದೇ ಬೆಳೆದ ಕೀಬೋರ್ಡು ಇದು, ನಮ್ಮ ಟೈಪಿಂಗ್ ಅಂಗಡಿಯಿಂದ ಮನೆಗೆ ಹೊತ್ಕೊಂಡು ಬಂದಿದೀನಿ. ಹೊಸದು ಕೊಟ್ರೆ ನಿನ್ನ ಬೆರಳು ಒಪ್ಪಲ್ಲ ಅಂತ ಗೊತ್ತಿಲ್ವಾ ನಂಗೆ?

ಕೇಳಿಸ್ತಾ? ಮಾತಾಡಿದ್ಳು ನೋಡು! ಯಾಕೆ ನಗ್ತೀಯ? ಮತ್ತಿನ್ನೇನನ್ನಲಿ, ಕಂಪ್ಯೂಟರಿನ ದನಿ ಹೆಂಗಸಿಂದು. ಪರದೆ ಮೇಲೆ ಏನಿದೆಯೋ ಎಲ್ಲಾ ಇವಳು ಓದಿ ಹೇಳ್ತಾಳೆ. ನೀನು ಯಾವ ಅಕ್ಷರ ಹೊಡೆದ್ರೂ ಹೇಳ್ತಾಳೆ, ತಪ್ಪು ಹೊಡೆದ್ರೂ ಹೇಳ್ತಾಳೆ. ಸುಮ್ನಿರು ಅಂದ್ರೆ ಮಾತ್ರ ಸುಮ್ನಿರಲ್ಲ... ಏನು? ನನ್ನ ಥರಾನೇ ಅಂತೀಯ? ಅನ್ನು, ಅನ್ನು. ನೀನು ನಕ್ಕು ಎಷ್ಟು ದಿನ ಆಗಿತ್ತು.

ಜಾಸ್ತಿ ವೇಗ ಅನ್ಸಿದ್ರೆ ನಿಧಾನ ಮಾಡ್ಲಾ? ಬೇಡ? ಅದೇ ಮತ್ತೆ. ನಿಮಿಷಕ್ಕೆ ಅರವತ್ತು ಪದ ಹೊಡೀತಿದ್ದೋಳಿಗೆ ಇವಳ ವೇಗ ಯಾವ ಲೆಕ್ಕ! ಇನ್ನೊಂದು ಮಾಡಿಟ್ಟಿದೀನಿ, ಕೇಳು. ಕ್ಯಾಪ್ಸ್ ಲಾಕಿಗೆ ಗೊತ್ತಿಲ್ದೆ ಕೈ ತಗುಲಿದ್ರೆ 'ಕುಂಯ್' ಅನ್ನುತ್ತೆ. ತಗುಲಿಸಿ ನೋಡು... ಕೇಳ್ತಾ? ಶಿಫ್ಟ್ ಮಾತ್ರ ಬೇಜಾರಿಗೆ ಟಕಟಕ ಅಂತ ಐದು ಸಲ ಒತ್ಬೇಡ, ಯಾವುದೋ ಪೆಟ್ಟಿಗೆ ತೆಗೆದು ಪ್ರಶ್ನೆ ಕೇಳೋಕೆ ಶುರು ಮಾಡುತ್ತೆ. ಸಾಮಾನ್ಯ ಸಂಗತಿಗಳೇ ಇವೆಲ್ಲ. ಆದ್ರೆ ಗೊತ್ತಿದ್ದೋರಿಗೆ ಗೊತ್ತು, ಇಲ್ದೋರು ವರ್ಷಗಟ್ಟಲೆ ಒದ್ದಾಡ್ತಾರೆ.

ಕೈ ಜಾಗ ತಪ್ಪಿದ್ರೆ ಎಫ್ ಮೇಲೆ, ಜೆ ಮೇಲೆ ಸಣ್ಣ ಗೀಟು ಉಬ್ಬಿದೆ, ಅದನ್ನ ತಡವಿ... ಥೂ, ಯಾರಿಗೆ ಏನು ಹೇಳ್ತಿದೀನಿ! ನೀನೇ ಅಲ್ವಾ ನಂಗೆ ಕಲಿಸಿದ್ದು? ಕಣ್ಣಿಗೆ ಟವೆಲ್ ಕಟ್ಟಿ, 'ನೋಡ್ದೆ ಹೊಡಿಯೋ ಕತ್ತೆ' ಅಂತ ತಲೆ ಮೇಲೆ ಮೊಟಕ್ತಿದ್ದೆ. ಹತ್ತು ನಿಮಿಷಕ್ಕೇ ಉಸಿರು ಕಟ್ಟಿದ ಹಾಗಾಗಿ ಟವೆಲ್ ಕಿತ್ತೆಸೆದು ಓಡಿಹೋಗ್ತಿದ್ದೆ ನಾನು. ಹತ್ತು ನಿಮಿಷಕ್ಕೆ.

ಏನಿಲ್ಲ. ನೀನು ನಿನ್ನ ಪಾಡಿಗೆ ಹೊಡಿ.

ಪರದೆ? ಪರದೆ ಆರಿಸಿದೀನಿ ಅಕ್ಕಾ. ನಿಂಗೆ ಬೇಡ, ನಾನೂ ನೋಡೋದೇನಿದೆ, ಇವಳು ಹೇಳ್ತಾಳಲ್ಲ. ಕರೆಂಟಾದ್ರೂ ಉಳಿಯುತ್ತೆ. ಆದ್ರೆ ಆರಿಸಿಟ್ರೆ ಅದು ಕನ್ನಡಿ ಆಗುತ್ತೆ, ಅದೊಂದು ಕಾಟ. ನಾವಿಬ್ರೂ ಕಾಣ್ತೀವಿ ಅದರಲ್ಲಿ. ನೀನು ಮುಂದೆ, ನಾನು ಬೆನ್ನ ಹಿಂದೆ. ನೀನು ಸರಿಯಾಗಿ ನನ್ನನ್ನೇ ನೋಡ್ತಿರೋ ಹಾಗೆ ಕಾಣುತ್ತೆ. ನೋಡ್ತಿಲ್ಲ, ಗೊತ್ತು. ಆದ್ರೂ... ಸ್ವಲ್ಪ ಆ ಕಡೆ ತಿರುಗ್ತೀಯಾ? ಸಾಕು, ಸಾಕು.

ನಿಜ ಹೇಳ್ಲಾ? ನೀನು ಮತ್ತೆ ಟೈಪ್ ಮಾಡೋ ಹಾಗಾಗ್ಬೇಕು. ಅದೊಂದೇ ನಂಗೆ. ಆಮೇಲೆ ನಿದ್ದೆ ಬರುತ್ತೆ. ಅಂಗಡೀಲಿ ನಿನ್ನ ಒಳಕೋಣೆ ಬಾಗಿಲು ಹಾಕಿಬಿಟ್ಟಿದೀನಿ, ಅಲ್ಲಿ ಈಗ ಬರೀ ಕಾಗದದ ಕಟ್ಟು. ಆದ್ರೆ ಮಧ್ಯಾಹ್ನ ಗಿರಾಕಿ ಇಲ್ದೇ ಇರುವಾಗ ಕೇಳುತ್ತೆ ಅಕ್ಕಾ. ಟಕಟಕ, ಟಕಟಕ, ಆಮೇಲೆ ದಪ್ ಅಂತ ಸ್ಪೇಸ್ ಬಾರು. ಹೆಬ್ಬೆಟ್ಟಲ್ಲಿ ಹಾಗೆ ಗುದ್ದೋರು ನೀನಲ್ದೆ ಇನ್ಯಾರಿದ್ದಾರೆ? ಮೂರು ಸಲ ಎದ್ದು ಹೋಗಿ ಬಾಗಿಲು ತೆಗೆದು ನೋಡಿದೀನಿ. ನಗ್ಬೇಡ. ಗೆದ್ದಲೂ ಅಲ್ಲ, ಇಲೀನೂ ಅಲ್ಲ. ಇಲಿಗೆ ಯಾವತ್ತು ಟೈಪಿಂಗ್ ಬಂತು?

ಮೊನ್ನೆ ಒಬ್ರು ವಯಸ್ಸಾದೋರು ಬಂದಿದ್ರು, ಮೌಸಿನ ಬಾಣ ಎಲ್ಲಿ ಹೋಗುತ್ತೋ ಗೊತ್ತಾಗಲ್ಲ ಅಂತ. ನಿಂಗೆ ಮಾಡಿಕೊಟ್ಟ ಹಾಗೇ ಮಾಡಿಕೊಟ್ಟೆ. ಕಂಟ್ರೋಲ್ ಕೀ ಮುಟ್ಟಿದ್ರೆ ಬಾಣದ ಸುತ್ತ ಉಂಗುರ ಮೂಡಿ, ಸಣ್ಣಗಾಗ್ತಾ ಆಗ್ತಾ ಬಂದು ಮುಚ್ಕೊಳ್ಳುತ್ತಲ್ಲ, ಅದು. ಅವರು ಸಣ್ಣ ಮಕ್ಕಳ ಹಾಗೆ ಖುಷಿಪಟ್ಟು ಒತ್ತಿದ್ದೇ ಒತ್ತಿದ್ದು. ಉಂಗುರ ಬರೋದು, ಮುಚ್ಚೋದು. ಬರೋದು, ಮುಚ್ಚೋದು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಯಾಕೋ? ಯಾಕಂದ್ರೆ... ನಿನ್ನ ಕಣ್ಣೂ ಹಾಗೇ ಅಲ್ವಾ ಹೋಗಿದ್ದು. ಸುತ್ತಲಿಂದ.

ಬಿಡು ಆ ಮಾತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ನೀನೇ ಅಲ್ವಾ ಹೇಳೋದು? ನಡಿ, ಮುಂದಿನ ಪಾಠ. ಈಗ ಬಾಣದ ಕೀ ಒತ್ತುತ್ತಾ ಹೋಗು, ಪರದೆ ಮೇಲೆ ಏನೇನಿದೆ ಅಂತ ಒಂದೊಂದಾಗಿ ಹೆಸರು ಹೇಳ್ತಾಳೆ. ಹೂಂ... ಹೂಂ... ಅದು ನಿನ್ನ ಫೋಲ್ಡರು. ಅದು ಮೇಷ್ಟ್ರ ಹಕ್ಕಿ ಪುಸ್ತಕ. ತೆಗೀಬೇಡ, ಮುಂದೆ ಹೋಗು. ಪುಸ್ತಕ ಅಚ್ಚಾಗಿ ಬಂತಲ್ಲ, ಇನ್ಯಾಕೆ ಅದು. ಎಂಥಾ ಬರಹ ಅಪ್ಪಾ ಆ ಮೇಷ್ಟ್ರದು! ನಲವತ್ತು ವರ್ಷ ಹಕ್ಕಿ ನೋಡಿ ನೋಡಿ ಅಕ್ಷರಾನೂ ಹಕ್ಕಿ ಕಾಲಿನ ಹಾಗೇ ಬರೆದಿದ್ರು. ಸಾವಿರಕ್ಕೂ ಮೇಲೆ ಪುಟ. ನೀನಲ್ದೆ ಇನ್ಯಾರಿಗೆ ಓದೋಕೆ ಆಗ್ತಿತ್ತು? ಪ್ರೆಸ್ಸಿನೋರು ನಿನ್ನ ಕೆಲಸ ನೋಡಿ, 'ಗಡುವಿಗೆ ಸರಿಯಾಗಿ ಕೊಡಿ, ಇನ್ಮುಂದೆ ನಮ್ಮ ಟೈಪಿಂಗೆಲ್ಲಾ ನಿಮಗೇ' ಅಂದ್ಬಿಟ್ರು.

ಹುಡುಕೋಕೆ ಕಷ್ಟ ಆಗ್ತಿಲ್ಲ ತಾನೇ? ಐಕಾನು, ಫೋಲ್ಡರು ಎಲ್ಲಾ ನಡುವಿಗೆ ತಂದಿಟ್ಟಿದ್ದೀನಿ, ನಿನ್ನ ಹಳೇ ಪರದೆಯಲ್ಲಿದ್ದ ಹಾಗೇ. ನೆನಪಿದೆಯಾ, ಮೊದಲ ದಿನ ನೋಡಿ ನೀನು ಎಷ್ಟು ಆಡ್ಕೊಂಡಿದ್ದೆ! 'ಏನೋ ಇದು, ಮಳೆ ಬಂದಾಗ ಚಾವಣಿ ಕೆಳಗೆ ನಿಂತ ಜನದ ಹಾಗೆ ಎಲ್ಲಾ ಒಂದೇ ಕಡೆ ಗುಂಪು ಕಟ್ಕೊಂಡಿವೆ' ಅಂತ. ಆಡ್ಕೊಂಡೆ ತಾನೇ? ಆಮೇಲೆ ಯಾರ ಉಪಾಯ ಕೆಲಸಕ್ಕೆ ಬಂತು? ನಾಲ್ಕು ತಿಂಗಳಾದ್ಮೇಲೆ ನೀನೇ ಬಂದು, 'ಎಡಗಡೆ ಪದ ತಪ್ಪಿ ಹೋಗ್ತಿದೆ ಕಣೋ, ಅಂಚು ಕಾಣ್ತಿಲ್ಲ' ಅಂದೆ. ನೀನು ಅಂಚು ಕಾಣಲ್ಲ ಅನ್ನೋ ಹೊತ್ತಿಗೆ ಅಂಚಲ್ಲಿ ಏನೂ ಇರ್ಲೇ ಇಲ್ಲ! ಕನ್ನಡಕದ ಅಂಗಡಿಯಿಂದ ಬಂದ ಸಂಜೇನೇ ಕೂತು ಎಲ್ಲಾ ಎಳೆದು ನಡುವಿಗೆ ತಂದಿದ್ದೆ. ತಮ್ಮ ಅಂದ್ರೆ ಏನಂದ್ಕೊಂಡಿದೀಯ...

ಹಾಂ?

ಯಾವ ಸಂಜೆ ಅಂದ್ರೆ... ಅದೇ. ಹೊಸ ಕನ್ನಡಕ ತಗೊಂಡ್ವಲ್ಲ. ಇಲ್ಲ ಇಲ್ಲ, ಆವತ್ತಲ್ಲ. ಆಮೇಲೆ. ಯಾವಾಗ್ಲೋ ಒಂದಿನ, ಸಾಫ್ಟ್‌ವೇರ್ ಅಪ್‌ಡೇಟ್ ಬಂದಿತ್ತು, ತಾನಾಗೇ ಹಾಗೆ ಜೋಡಿಸಿಕೊಂಡಿತ್ತು. ಆಗ ನಿಂಗೆ ಹಾಗೇ ಹೇಳಿದ್ದೆ ಅಲ್ವಾ? ಅಪ್‌ಡೇಟ್ ಅಂತ.

ನಾನು ಎಳೆದಿಟ್ಟೆ ಅಂತ ಈಗ ತಾನೇ ಅಂದ್ನಾ? ಅಂದಿರ್ತೀನಿ, ಬಾಯಿ ತಪ್ಪಿ. ಈ ಬಾಯಿಗೆ ಬೀಗ ಎಲ್ಲಿದೆ. ನೀನು ಒತ್ತು, ಬಾಣದ ಕೀ ಒತ್ತು, ಮುಂದಿಂದು ಕ್ಯಾಲ್ಕುಲೇಟರು.

ಯಾಕೆ ಕೈ ತೆಗೆದೆ?

ಅಕ್ಕಾ, ಕೈ ಯಾಕೆ ತೆಗೆದೆ ಕೀಬೋರ್ಡಿಂದ? ಸುಸ್ತಾಯ್ತಾ? ನೀರು ತರ್ಲಾ? ಒಂದೇ ದಿನಕ್ಕೆ ಜಾಸ್ತಿ ಆಯ್ತು, ನಂದೇ ತಪ್ಪು...

ನೀನು ಸುಮ್ನಿರೇ! ನಿಂಗಲ್ಲ ಅಕ್ಕಾ, ಇವಳಿಗೆ. 'ಡೆಸ್ಕ್‌ಟಾಪ್, ಡೆಸ್ಕ್‌ಟಾಪ್' ಅಂತ ಪ್ರಾಣ ತಿಂತಾಳೆ. ಮೇಜಿನ ಕೆಳಗಿನ ಸ್ವಿಚ್ಚೇ ಆರಿಸ್ತೀನಿ ತಾಳು. ಹಾಂ. ಹೋದ್ಳು.

ಏನಾದ್ರೂ ಮಾತಾಡು. ನೀನು ಹೀಗೆ ಕೂತ್ರೆ ನಂಗೆ ಆಗಲ್ಲ ಅಂತ ಗೊತ್ತು ನಿಂಗೆ. ಸಣ್ಣೋನಿದ್ದಾಗ್ಲೂ ಹೀಗೇ ಮಾಡ್ತಿದ್ದೆ. ಬೈತಿರ್ಲಿಲ್ಲ, ಹೊಡೀತಿರ್ಲಿಲ್ಲ, ಸುಮ್ನೆ ಕೂತಿರ್ತಿದ್ದೆ. ಐದು ನಿಮಿಷಕ್ಕೆ ನಾನೇ ಬಂದು ಒಪ್ಕೊಂಡ್ಬಿಡ್ತಿದ್ದೆ. ಈಗೇನು ಒಪ್ಕೊಳ್ಳೋದಿದೆ? ಏನೂ ಇಲ್ಲ. ಅಕ್ಷರ ಮಸುಕು ಅಂದೆ, ದೊಡ್ಡದು ಮಾಡಿಕೊಟ್ಟೆ. ಬೆಳಕು ಚುಚ್ಚುತ್ತೆ ಅಂದೆ, ಕಪ್ಪು ಹಿನ್ನೆಲೆ ಹಾಕಿ ಹಳದಿ ಅಕ್ಷರ ಮಾಡಿಕೊಟ್ಟೆ. ಸಾಲು ತಪ್ಪುತ್ತೆ ಅಂದೆ, ಪುಟಾನೇ ಕಿರಿದು ಮಾಡಿ ಪಟ್ಟಿ ಥರ ಮಾಡಿಕೊಟ್ಟೆ. ಭೂತಗನ್ನಡಿ ಹಾಕಿಕೊಟ್ಟೆ. ನೀನು ಕೇಳಿದ್ದು ಯಾವುದು ಇಲ್ಲ ಅಂದಿದೀನಿ?

ಕೇಳ್ದೆ ಇದ್ದದ್ದು, ಅಂತೀಯ?

ಹೌದು. ನೀನು ಕೇಳೋಕೆ ಮುಂಚೆ ಮಾಡಿದ್ದು ಅದೊಂದೇ, ಎಲ್ಲಾ ನಡುವಿಗೆ ತಂದಿಟ್ಟದ್ದು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀನು ಕಳ್ಳ ಅಂತಾನೂ ಅನ್ಲಿಲ್ಲ, ನಾನಾಗೇ ಹೆಗಲು ಮುಟ್ಕೊಂಡೆ. ಸರಿ, ಕೇಳು ಹಾಗಾದ್ರೆ. ಕನ್ನಡಕದ ಅಂಗಡಿಯೋನು ನಿನ್ನ ಕಣ್ಣಿಗೆ ಉಫ್ ಅಂತ ಗಾಳಿ ಊದಿದ್ನಲ್ಲ, ಆ ಮಿಷನ್ನಿಂದ? ನೀನು ಬೆಚ್ಚಿಬಿದ್ದು ಆಮೇಲೆ ನಗ್ತಾ ಫ್ರೇಮು ಆರಿಸೋಕೆ ಹೋದೆ. ಅವನು ನನ್ನನ್ನ ಗಾಜಿನ ಬೀರು ಹಿಂದೆ ಕರೆದ. 'ಕಣ್ಣೊಳಗೆ ಒತ್ತಡ ಬಹಳ ಇದೆ. ನಾಳೇನೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ಮೊದಲು ಅಂಚು ಹೋಗುತ್ತೆ, ಅವರಿಗೇ ಗೊತ್ತಾಗಲ್ಲ. ಹೋದದ್ದು ವಾಪಸ್ ಬರಲ್ಲ, ಉಳಿದದ್ದನ್ನ ಉಳಿಸ್ಬೋದು' ಅಂದ. ಚೀಟಿ ಬರೆದುಕೊಟ್ಟ. ನಾನು ಈಚೆ ಬಂದು ನಿಂಗೆ, 'ನಂಬರ್ ಬದಲಾಗಿದೆ, ಅಷ್ಟೆ' ಅಂದೆ.

ಕೊನೆಗೆ ಆಸ್ಪತ್ರೆಗೆ ಹೋದಾಗ ಆ ಡಾಕ್ಟ್ರಮ್ಮ ಕೇಳಿದ್ರಲ್ಲ, 'ಯಾರೂ ಮೊದಲೇ ಹೇಳ್ಲಿಲ್ವಾ ನಿಮಗೆ?' ಅಂತ. ನೀನು 'ಇಲ್ಲ ಡಾಕ್ಟ್ರೇ, ಹೇಳಿದ್ರೆ ಬರ್ತಿರ್ಲಿಲ್ವಾ' ಅಂದೆ. ನಿನ್ನ ಕೈ ನನ್ನ ತೋಳ ಮೇಲಿತ್ತು. ಅವರು ನನ್ನ ಮುಖ ನೋಡಿದ್ರು. ಅವರಿಗೆ ಗೊತ್ತಾಯ್ತು ಅಕ್ಕಾ. ನಿಂಗೆ ಕಾಣ್ಲಿಲ್ಲ ಅಷ್ಟೆ.

ಮರೆತೆ ಅಂತ ಸುಳ್ಳು ಹೇಳಲ್ಲ. ಒಂದು ದಿನಾನೂ ಮರೀಲಿಲ್ಲ. ಇನ್ನೊಂದು ವಾರ, ಈ ಅಧ್ಯಾಯ ಮುಗೀಲಿ, ಗಡುವು ದಾಟ್ಲಿ ಅಂತ ಮುಂದೂಡ್ತಾ ಹೋದೆ. ನೀನು ಆಸ್ಪತ್ರೆ ಅಂತ ಕೂತ್ರೆ ಪುಸ್ತಕ ನಿಲ್ಲುತ್ತೆ, ಪ್ರೆಸ್ಸು ಕೈ ತಪ್ಪುತ್ತೆ. ಅದಕ್ಕೇ ರಾತ್ರಿ ಹಗಲು ಸೆಟ್ಟಿಂಗು ಬದಲಾಯಿಸ್ತಾ ಕೂತೆ. ನಿನ್ನ ಕಣ್ಣಿಗೆ ಎಷ್ಟು ಉಳಿದಿದೆಯೋ ಅಷ್ಟರೊಳಗೆ ಪುಟ ಹಿಡಿಸ್ತಿದ್ದೆ. ನೀನು 'ಎಷ್ಟು ಮಾಡ್ತೀಯೋ ನಂಗೋಸ್ಕರ' ಅಂತಿದ್ದೆ. ಬಂದೋರ ಎದುರಿಗೆಲ್ಲಾ ಅಂತಿದ್ದೆ. ಆಗ ಭೂಮಿ ಬಾಯಿಬಿಟ್ರೆ ಸಾಕು ಅನ್ನಿಸ್ತಿತ್ತು ನಂಗೆ.

ಬೈಯಿ. ಒಂದು ಏಟು ಹೊಡಿ. ಇಲ್ಲೇ ಇದೀನಿ, ನಿನ್ನ ಬಲಗಡೆ.

ಮೇಷ್ಟ್ರೂ ಕಾಯ್ತಿದ್ರು ಅಕ್ಕಾ, ಪುಸ್ತಕ ನೋಡ್ದೆ ಸತ್ರೆ ಅಂತ ಅವರಿಗೂ ಭಯ ಇತ್ತು. ನಿಂಗೂ ಆ ಪುಸ್ತಕ ಅಂದ್ರೆ ಪ್ರಾಣ. ಆವತ್ತು ನಾನು ನಿಜ ಹೇಳಿದ್ರೂ ನೀನೇ ಅಂತಿದ್ದೆ, 'ಇರಲಿ ಬಿಡೋ, ಮೊದಲು ಇದು ಮುಗೀಲಿ, ಆಮೇಲೆ ನೋಡೋಣ' ಅಂತ. ಅಂತಿದ್ದೆ ತಾನೇ? ನಿನ್ನ ಸ್ವಭಾವ ನಂಗೊತ್ತಿಲ್ವಾ? ಅಂತಿದ್ದೆ.

ಅಂತಿದ್ದೆ ಅಂತ ಹೇಳು ಅಕ್ಕಾ. ಸುಳ್ಳಾದ್ರೂ ಪರವಾಗಿಲ್ಲ.