ಶುಕ್ರವಾರದ ನೂರಾ ಹದಿನೆಂಟು

ಶಿಡ್ಲಘಟ್ಟದ ಖಾಸಗಿ ರೇಷ್ಮೆಗೂಡಿನ ಮಂಡಿಯೊಂದರ ಟೀ ಅಂಗಡಿ ಮುಂದೆ ವೆಂಕಟರತ್ನಮ್ಮ ಸಾಲಿನಲ್ಲಿ ನಿಂತಿದ್ದರು. ಹೋದ ಶುಕ್ರವಾರ ಹರಾಜಿನ ಆ್ಯಪ್ ನಿಂತುಹೋಗಿ, ಅವರ ರೇಷ್ಮೆಗೂಡಿಗೆ ಹೊತ್ತು ಮುಳುಗುವವರೆಗೂ ಯಾರೂ ಬೆಲೆ ಕೂಗಿರಲಿಲ್ಲ. ಇಂದೂ ಶುಕ್ರವಾರ. ಅವರ ಮುಂದೆ, ಆ ಆ್ಯಪ್ ನೋಡಿಕೊಳ್ಳುವ ಆರ್ಜೂ ಮತ್ತು ಪವಿತ್ರ ಒಂದೇ ಫೋನಿಗೆ ತಲೆ ಬಗ್ಗಿಸಿದ್ದರು.

“ನಮಾಜ್ ಮುಗೀತಾ ಆರ್ಜೂ ಅಕ್ಕ?”

“ಮುಗೀತು. ಗೂಡು ಕೊಳ್ಳೋ ರೀಲರ್‌ಗಳೆಲ್ಲ ವಾಪಸ್ ಬರ್ತಾವ್ರೆ. ಕನೆಕ್ಷನ್ ಎಷ್ಟಾಯ್ತು ನೋಡಮ್ಮ ಪವಿತ್ರ.”

“ನೂರಾ ಹತ್ತು. ಇನ್ನೂರಾದ್ರೆ ಕ್ಲೌಡ್ ಡೇಟಾಬೇಸು ಹೊಸಬ್ರನ್ನ ಒಳಗೇ ಬಿಡಲ್ಲ, ಹೋದ ವಾರದಂಗೆ.”

“ಹೋದ ವಾರ ನಮ್ಮಬ್ಬಾನೂ ಆ್ಯಪ್ ತೆರೆದಿಟ್ಟೇ ಫೋನ್ ಜೇಬಿಗೆ ಹಾಕ್ಕೊಂಡು ಮಸೀದಿಗೆ ಹೋದ್ರು. ಬಂದು ಮತ್ತೆ ತೆರೆದ್ರು. ಹಿಂಗೆ ಹಳೇದೂ ಹೊಸದೂ ಸೇರಿ ಒಬ್ಬೊಬ್ರಿಗೂ ಎರಡೆರಡು ಕನೆಕ್ಷನ್.”

“ಬಂದ್ ಮಾಡಿ ಹೋಗಿ ಅಂತ ಹೇಳ್ಬಾರ್ದಾ?”

“ಹೇಳ್ದೆ. ನಮಾಜಿಗೆ ನಿಂತಾಗ ನಿನ್ನ ಆ್ಯಪ್ ನೆನಪಾದ್ರೆ ಅದು ನಮಾಜೇನಮ್ಮ ಅಂದ್ರು.”

“ಸರಿಯಾಗೇ ಹೇಳವ್ರೆ ಬಿಡಿ.”

“ಅದಕ್ಕೇ, ಹತ್ತು ನಿಮಿಷ ಯಾರೂ ಮುಟ್ಟದಿದ್ರೆ ಕನೆಕ್ಷನ್ ತಾನಾಗೇ ಬಿಟ್ಟೋಗಂಗೆ ಮಾಡ್ದೆ. ಈಗೆಷ್ಟು?”

“ನೂರಾ ಹದಿನೆಂಟು. ಎಲ್ರೂ ಬಂದವ್ರೆ ಅಕ್ಕ, ಹರಾಜೂ ನಡೀತೈತೆ. ಕನೆಕ್ಷನ್ ಅಲ್ಲೇ ನಿಂತೈತೆ, ಏರ್ತಿಲ್ಲ.”

“ಅಲ್‌ಹಮ್ದುಲಿಲ್ಲಾ. ಟೀಗೆ ಹೇಳು. ನನಗೆ ಸಕ್ಕರೆ ಜಾಸ್ತಿ.”

ಇಬ್ಬರೂ ಲೋಟ ಹಿಡಿದು ಹರಾಜಿನ ಕಡೆ ನಡೆದರು. ಇಂದೂ ಸಂಜೆಯಾದೀತೆಂದು ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಬಂದಿದ್ದ ವೆಂಕಟರತ್ನಮ್ಮ, ಇನ್ನು ಬೇಕಾಗದ ಒಂದು ಹೊತ್ತಿನದನ್ನು ಆ ಹುಡುಗಿಯರಿಗೇ ಕೊಡಬಹುದಿತ್ತು ಎಂದುಕೊಂಡರು.